ಬಹುಶಃ ಎಡಕ್ಕೆ

ಪುಂಟಾ ಅರೆನಾಸ್. ರಾತ್ರಿ ಎರಡೂ ಹತ್ತು.
ಇಲ್ಲಿ ಗಾಳಿಯೇ ಊರಿನ ಹಿರಿಯ,
ಮರಗಳು ನಡು ಬಗ್ಗಿಸಿಯೇ ಬೆಳೆಯುತ್ತವೆ.

ನಮ್ಮ ಹೊಟ್ಟೆಯಲ್ಲಿ ಒಂಬತ್ತು ಟನ್ ಏಡಿ,
ಮಂಜುಗಡ್ಡೆಯ ಮೇಲೆ ಇನ್ನೂ ಕಾಲಾಡಿಸುತ್ತ.
ಬೆಳಗಿಗೆ ಸಾಂತಿಯಾಗೊ,
ಮಧ್ಯಾಹ್ನಕ್ಕೆ ಯಾರದೋ ತಟ್ಟೆ.
ಎಡಗಡೆ ಕ್ಯಾಪ್ಟನ್ ರೊಸಮೆಲ್ ಒಯಾರ್ಸುನ್,
ಹತ್ತೊಂಬತ್ತು ಸಾವಿರ ಗಂಟೆಯ ಆಕಾಶ ಅವರ ಬೆನ್ನಿಗೆ.
ಬಲಗಡೆ ನಾನು, ಯಾನಾರಾ ಮಾನ್ಸಿಯಾ.
ನಾನೂರ ಹನ್ನೊಂದು.

ನೆಲಕ್ಕಿಳಿದ ವಿಮಾನ ಕುರುಡು ಆನೆ.
ಆನೆ ನಡೆದದ್ದೇ ದಾರಿ ಅನ್ನುವ ಮಾತು ಇದಕ್ಕಿಲ್ಲ,
ಇದರ ದಾರಿಯನ್ನು ಯಾರೋ ಎಂದೋ ಅಳೆದು
ಅಂಚಿಗೆ ನೀಲಿ ದೀಪ ನೆಟ್ಟಿರುತ್ತಾರೆ.
ಅದರಾಚೆ ಹುಲ್ಲು.
ಹುಲ್ಲಿನ ಕೆಳಗೆ ಮೂರು ದಿನದ ಮಳೆ ಕುಡಿದ ಮಣ್ಣು.

ಹಗಲಲ್ಲಿ ಆ ದೀಪಗಳು ಬರೀ ಗಾಜಿನ ಮೊಳಕೆ.
ರಾತ್ರಿ, ಒದ್ದೆ ಡಾಂಬರಿನ ಮೇಲೆ,
ಹತ್ತಿರದ್ದೂ ದೂರದ್ದೂ ಒಂದೇ ಆಗಿ
ದಾರ ಹರಿದು ಚೆಲ್ಲಿದ ಮಣಿಗಳು.
ಯಾವ ಮಣಿ ಯಾವ ಸರದ್ದು?

ಗೋಪುರದವಳು ಹೇಳಿದ್ದಳು: ಡೆಲ್ಟಾದಿಂದ ಎಡಕ್ಕೆ, ಬ್ರಾವೊ.
ನಾನು ಮರಳಿ ಹೇಳಿದ್ದೆ: ಎಡಕ್ಕೆ, ಬ್ರಾವೊ.
ತೊಡೆಯ ಮೇಲೆ ನಕ್ಷೆ, ಹೆಬ್ಬೆರಳು ಅದೇ ತಿರುವಿನಲ್ಲಿ.
ಕ್ಯಾಪ್ಟನ್ ಏಡಿ ಬೇಯಿಸುವ ವಿಷಯ ಹೇಳುತ್ತಿದ್ದರು.
ಅವರಮ್ಮ ಸಮುದ್ರದ ನೀರಲ್ಲೇ ಬೇಯಿಸುತ್ತಿದ್ದಳಂತೆ,
ಬೇರೆ ಉಪ್ಪು ಹಾಕಿದವರಿಗೆ ಬೈಗುಳವಂತೆ.
ಹೇಳುತ್ತ ಹೇಳುತ್ತಲೇ ಅವರ ಕೈ
ಪಕ್ಕದ ಸಣ್ಣ ಚಕ್ರವನ್ನು ಬಲಕ್ಕೆ ತಿರುಗಿಸಿತು,
ಎಷ್ಟು ಮೃದುವಾಗಿ,
ಸ್ವಂತ ಮನೆಯ ಅಗುಳಿ ತೆಗೆದ ಹಾಗೆ.

ಆಗ ನಾನು ಹೇಳಿದೆ.
ಹೇಳಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ, ಟೇಪಿನಲ್ಲಿದೆ:
“ಕ್ಯಾಪ್ಟನ್, ಬಹುಶಃ ಎಡಕ್ಕೆ?”

ಬಹುಶಃ.
ನನಗೆ ಗೊತ್ತಿತ್ತು. ಹೆಬ್ಬೆರಳಿಗೆ ಗೊತ್ತಿತ್ತು.
ಹಿರಿಯರೆದುರು ದನಿ ತಗ್ಗಿಸುವುದನ್ನು
ನನಗೆ ಯಾರೂ ಕಲಿಸಿದ್ದಲ್ಲ;
ಚಿಲೊಯೆ ದ್ವೀಪದ ನಮ್ಮ ಮನೆಯಲ್ಲಿ
ಅದು ಹಾಲಿನ ಜೊತೆ ಬಂದದ್ದು.

“ಹ್ಞಾಂ” ಅಂದರು.
ಹ್ಞಾಂ ಅಂದರೆ ಕೇಳಿಸಿತು ಎಂದೂ ಆಗುತ್ತದೆ,
ಸಾಕು ಎಂದೂ.
ಆರು ಸೆಕೆಂಡು. ಆರು ಸೆಕೆಂಡಿಗೆ ಮೂವತ್ತು ಮೀಟರು.
ಆಮೇಲೆ ದೀಪವೊಂದು ಒಡೆದ ಸದ್ದು,
ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ,
ಮೂಗು ನಿಧಾನಕ್ಕೆ ತಗ್ಗಿತು.

ಯಾರೂ ಸಾಯಲಿಲ್ಲ. ಗೀರೂ ಆಗಲಿಲ್ಲ.
ಇದನ್ನು ಮೊದಲೇ ಹೇಳಬೇಕಿತ್ತೇನೊ.
ಪದ್ಯಕ್ಕೆ ಸಾಲುವಷ್ಟು ದೊಡ್ಡ ತಪ್ಪಲ್ಲ ಇದು.

ಎಂಜಿನ್ ಆರಿಸಿದ ಮೇಲೆ ಗಾಳಿ,
ಗಾಳಿಯ ಅಡಿಯಲ್ಲಿ, ಹಿಂದಿನಿಂದ, ಏಡಿಗಳ ಕರಕರ.
ನಮ್ಮ ಬೆಳಕಿನಲ್ಲಿ ಹುಲ್ಲು ಹಳದಿಯಾಗಿ ಅಲುಗುತ್ತಿತ್ತು.
ಕ್ಯಾಪ್ಟನ್ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು
ಯಾರದೋ ಮನೆಗೆ ಬೇಗ ಬಂದುಬಿಟ್ಟ ನೆಂಟನಂತೆ ಕೂತರು.
“ನೀನು ಎಡಕ್ಕೆ ಅಂದೆ” ಅಂದರು.
“ಬಹುಶಃ ಅಂದೆ” ಅಂದೆ ನಾನು.

ಎಳೆಯುವ ಬಂಡಿ ತಂದವನು ಲಿಂಡೋರ್ಫೊ ಬರ್ರಿಯಾ,
ಹಿಂದೆ ಹುಲ್ಲುಗಾವಲಲ್ಲಿ ಕುರಿ ಕಾಯುತ್ತಿದ್ದವನು.
ಟಾರ್ಚ್ ಹಾಕಿ ಚಕ್ರ ನೋಡಿದ,
“ಕುರಿಯಾಗಿದ್ದರೆ ಹಿಂಗಾಲು ಹಿಡಿದು ಎಳೀತಿದ್ದೆ” ಅಂದ, ನಕ್ಕ.
ಆ ರಾತ್ರಿ ನಕ್ಕವನು ಅವನೊಬ್ಬನೇ.

ವರದಿಯಲ್ಲಿ ಕಾರಣಕ್ಕೆ ಬಿಟ್ಟ ಜಾಗ ಎರಡು ಬೆರಳಗಲ.
ಕ್ಯಾಪ್ಟನ್ ಬರೆದರು: ತಪ್ಪು ನನ್ನದು.
ಚುಕ್ಕಿ ಇಟ್ಟ ಕಡೆ ಕಾಗದ ತೂತಾಯಿತು.
ನಾನು ಬರೆದೆ, ಹೊಡೆದುಹಾಕಿದೆ,
ದೀಪಗಳು, ಮಳೆ, ಬಣ್ಣ ಮಾಸಿದ ಗೆರೆ ಎಂದೆಲ್ಲ ಬರೆದೆ.
ಎಲ್ಲವೂ ನಿಜ.

ಮುಂದಿನ ಗುರುವಾರ ಸಿಟಿ ಬಸ್ಸಿನಲ್ಲಿ
ನನ್ನ ನಿಲ್ದಾಣ ದಾಟುತ್ತಿತ್ತು.
“ಇಲ್ಲೇ ನಿಲ್ಲಿಸಿ!” ಅಂದೆ.
ಬೇಕಾದ್ದಕ್ಕಿಂತ ಎಷ್ಟೋ ಜೋರಾಗಿ.
ಬಸ್ಸಿಗೆ ಬಸ್ಸೇ ತಿರುಗಿ ನೋಡಿತು,
ಮಗುವೊಂದು ಅಳತೊಡಗಿತು.