ಎಡ ಮೂರು, ಬಿಗಿಯಾಗುತ್ತದೆ

ಆಯನೂರು ದಾಟಿದ ಮೇಲಿನ ತಿರುವಿನಲ್ಲಿ
ಹಿಂದಿನ ಚಕ್ರಗಳು ನನಗಿಂತ ಮೊದಲು ಹೊರಟವು.
ಬಿದಿರೆಲೆಯ ಮೇಲೆ ಒಂದು ಪೂರ್ತಿ ಸುತ್ತು, ಮೇಲೊಂದು ಅರ್ಧ.
ನಿಂತಾಗ ಕಾರು, ನಾನು, ಇಬ್ಬರೂ
ಬಂದ ದಾರಿಯನ್ನೇ ನೋಡುತ್ತಿದ್ದೆವು.
ಹಾಲಿನ ಕ್ಯಾನಿನವನು ಬೈಕು ನಿಲ್ಲಿಸಿ ಕೇಳಿದ:
‘ಅಮ್ಮಾ, ನಿಮಗೆ ಯಾವ ಕಡೆ ಹೋಗಬೇಕಿತ್ತು?’

ನಲವತ್ತಾರು ವರ್ಷ. ದುರ್ಗಿಗುಡಿಯಲ್ಲಿ ಹಲ್ಲಿನ ಕ್ಲಿನಿಕ್ಕು.
ಯಾರೋ ಓಡಿಸಿ, ಬೇಸರವಾಗಿ ಮಾರಿದ
ಎರಡೇ ಸೀಟಿನ ಅರಿಶಿನ ಬಣ್ಣದ ಕಾರು.
ಯಾಕೆ ಕೊಂಡೆ ಎಂದವರಿಗೆಲ್ಲ
‘ಪೆಟ್ರೋಲು ಕಡಿಮೆ ಕುಡಿಯುತ್ತೆ’ ಎಂದು ಸುಳ್ಳು ಹೇಳಿದ್ದೇನೆ.
ನಿಜವೆಂದರೆ,
ಅದರ ಸದ್ದು ನನ್ನ ಬೆನ್ನುಮೂಳೆಯ ಕೊನೆಯಲ್ಲಿ ಶುರುವಾಗುತ್ತದೆ.

ಕಲಿಯಬೇಕು ಅಂದುಕೊಂಡೆ. ಎಲ್ಲಿ?

ಚೆನ್ನೈ ಕಡೆಯ ಶಾಲೆ ಫೋನಿನಲ್ಲಿ ಬಹಳ ಮರ್ಯಾದಸ್ಥ.
ಹೆಲ್ಮೆಟ್ಟು ಅವರದು, ಟಯರು ನನ್ನದು,
ಎರಡು ದಿನಕ್ಕೆ ತೊಂಬತ್ತು ಸಾವಿರ, ಊಟ ಸೇರಿ.
‘ಒಬ್ಬ ಗುರುವಿಗೆ ಎಷ್ಟು ಜನ?’ ಅಂದೆ.
‘ಸರ್ಟಿಫಿಕೇಟು ಫ್ರೇಮು ಹಾಕಿಸಿಯೇ ಕೊಡ್ತೀವಿ’ ಅಂದರು.
ಪುಣೆಯ ಹುಡುಗ ಇನ್ನೂ ಉತ್ಸಾಹಿ:
‘ಮೊದಲ ದಿನವೇ ಹೊಗೆ ಎಬ್ಬಿಸೋದು ಕಲಿಸ್ತೀನಿ, ಮೇಡಂ.’
ಹೊಗೆ ನನಗೆ ಬರುತ್ತದಪ್ಪ. ನನ್ನ ಕ್ಲಚ್ಚನ್ನು ಕೇಳು.

ಮಾಚೇನಹಳ್ಳಿಯ ವಿಳಾಸ ಕೊಟ್ಟದ್ದು ಟಯರಂಗಡಿಯ ಮುಸ್ತಕೀಮ್.
ಮುಚ್ಚಿದ ಲಾರಿ ಯಾರ್ಡು. ಬೋರ್ಡಿಲ್ಲ.
ಗುರುತಿಗೆ ಬಣ್ಣದ ಖಾಲಿ ಡಬ್ಬಗಳು, ಒಂದು ಒಡೆದ ಕಮೋಡು.
ರೇಗೊ ಮೇಡಂ ಪ್ಲಾಸ್ಟಿಕ್ ಕುರ್ಚಿಯಿಂದ ಏಳಲೇ ಇಲ್ಲ.
ಹನ್ನೊಂದು ವರ್ಷ ರ‍್ಯಾಲಿ ಕಾರಿನ ಎಡಗಡೆ ಕೂತು
ಬೇರೆಯವರ ತಿರುವುಗಳನ್ನು ಓದಿ ಹೇಳಿದವರು;
ಈಗಲೂ ವಾಕ್ಯಗಳು ಅಷ್ಟೇ ಉದ್ದ.
‘ಸುತ್ತಿದಾಗ ಎಲ್ಲಿ ನೋಡ್ತಿದ್ರಿ?’
‘ಚರಂಡಿ.’
‘ನೋಡಿದ ಕಡೆಗೇ ಕಾರು. ಅದಕ್ಕೆ ಬೇರೆ ಕಣ್ಣಿಲ್ಲ.’

ಆಮೇಲೆ ಬ್ರೇಕು. ‘ಅರವತ್ತಕ್ಕೆ ಬನ್ನಿ. ಕಮೋಡಿನ ಹತ್ತಿರ ಒದೀರಿ.’
ಒದ್ದೆ ಅಂದುಕೊಂಡೆ.
‘ಇದು ಒತ್ತಿದ್ದು. ಒದೀರಿ.’
ಇಪ್ಪತ್ತಮೂರು ವರ್ಷದ ಲೈಸೆನ್ಸಿನಲ್ಲಿ
ಆ ಪೆಡಲಿನ ತಳ ಎಲ್ಲಿದೆಯೆಂದು ಕಂಡೇ ಇರಲಿಲ್ಲ.
ಐದನೇ ಸಲ ಅದು ಪಾದದಡಿ ಕಟಕಟ ಎಂದಿತು,
ಸೂಜಿ ಕಂಡ ಮಗುವಿನ ದವಡೆಯಂತೆ.

‘ಇದು ಕಲಿತರೆ ವೇಗ ಬರುತ್ತಾ?’
‘ವೇಗ ಬೇಕಂದ್ರೆ ಚೆನ್ನೈಗೆ ಹೋಗಿ. ಚೆನ್ನಾಗಿ ಕಲಿಸ್ತಾರೆ.
ಇಲ್ಲಿ ನೂರೆಂಬತ್ತು ಮೀಟರು. ಆಮೇಲೆ ಗೋಡೆ.’

ಗೋಡೆಯನ್ನು ನೋಡಿದೆ. ಯಾವುದೋ ಹಲ್ಲುಪುಡಿಯ
ಮಾಸಿದ ಜಾಹೀರಾತು, ನಗುವ ಬಾಯಿ,
ಮೇಲಿನ ಎಡ ಕೋರೆಹಲ್ಲು ಸ್ವಲ್ಪ ಓರೆ.
ಎಂಟು ಭಾನುವಾರಕ್ಕೆ ಮುಂಗಡ ಎಣಿಸಿ ಕೊಟ್ಟೆ.
ಸರಿಯೋ ತಪ್ಪೋ ಗೊತ್ತಿಲ್ಲ. ರಸೀದಿ ಕೇಳಿದ್ದಕ್ಕೆ
ಸಿಗರೇಟು ಪ್ಯಾಕಿನ ಹಿಂದೆ ಬರೆದರು.

ಸೋಮವಾರ, ಹಾಲೇಶಪ್ಪ ಮೇಷ್ಟ್ರ ಕೆಳದವಡೆ.
ಡ್ರಿಲ್ಲಿನ ಪೆಡಲು ನನ್ನ ಬಲಗಾಲಿನಡಿ.
ನರ ಹತ್ತಿರವಾದಂತೆ ಪಾದ ತಾನಾಗಿ
ಒಂದೆಳೆ, ಇನ್ನೊಂದೆಳೆ ಬಿಡುತ್ತ ಬಂತು.
ತಿರುವಿನೊಳಗೆ ಬ್ರೇಕನ್ನು ಹೀಗೇ ಬಿಡಬೇಕೆಂದು
ರೇಗೊ ಮೇಡಂ ನಿನ್ನೆ ಮೂರು ಸಲ ಹೇಳಿದ್ದು,
ನನಗೆ ಮೂರು ಸಲವೂ ಆಗದ್ದು.
ಇಪ್ಪತ್ತು ವರ್ಷದಿಂದ ಇದೇ ಕಾಲು.
ತನಗೆ ಗೊತ್ತಿದ್ದದ್ದನ್ನು ನನಗೆ ಹೇಳಿಯೇ ಇರಲಿಲ್ಲ.
‘ನೋವಾಯ್ತಾ ಮೇಷ್ಟ್ರೇ?’
‘ಊಂ ಹೂಂ.’

ಸಂಜೆ ಕಿಟಕಿ ಇಳಿಸಿ, ಮನೆಯ ದಾರಿಯನ್ನು
ಗಟ್ಟಿಯಾಗಿ ಓದಿಕೊಂಡೆ:
ಎಡ ಮೂರು, ಬಿಗಿಯಾಗುತ್ತದೆ.
ನೇರ ಎಂಬತ್ತು, ಹಂಪು.
ಬಲ ಎರಡು, ಕೊಯ್ಯಬೇಡ, ಪಾನಿಪುರಿ ಗಾಡಿ.
ನೇರ, ಹಸು.
ನೇರ, ಅದೇ ಹಸು.
ಒದ್ದೆ, ತಳದವರೆಗೂ.
ಹಿಂದಿನ ಆಟೋದವನು ಏನೋ ಬೈದ.
ನಾನಾಗಲೇ ಹಸುವಿನಾಚೆ ನೋಡುತ್ತಿದ್ದೆ.