ವಾಸನಿ ಇಲ್ಲದ ಗಡ್ಡಿ

ಕಣ್ಣಿನ ವಾರ್ಡಿನ ಎಸ್ತೇರ್ ಸಿಸ್ಟರ್
ನಮ್ಮತ್ತಿಗೆ ಮನಿಗೆ ಹೋಗ್ರಿ ಅಂದ ದಿವಸ
ಪೇಪರಿನ್ಯಾಗ ಸುತ್ತಿ ನನ್ನ ಕೈಯಾಗಿಟ್ಟದ್ದು:
ಮುಷ್ಟಿ ಗಾತ್ರ, ಕಂದು ಸಿಪ್ಪಿ,
ಬುಡಕ್ಕ ಒಣಗಿದ ಬೇರಿನ ಗಡ್ಡ.
"ದೀಪಾವಳಿ ತನಕ ನೀರ ಹಾಕಬ್ಯಾಡ,
ಬೆಳಕ ತೋರಸಬ್ಯಾಡ, ಮರತಬಿಡು.
ಆಮ್ಯಾಲ ಅರ್ಧ ಮೈ ಮಣ್ಣಾಗ, ಹೆಗಲ ಹೊರಗ.
ನಮ್ಮ ಕ್ರಿಸ್‌ಮಸ್ಸಿಗೆ ನಿಮ್ಮ ಕಿಡಕ್ಯಾಗ ಹೂ."

ಮರಿಯೂದು ನನಗ ಸಲೀಸು.
ಮಂಚದ ಕೆಳಗ ತಳ್ಳಿದೆ.
ಬಾಜೂಕ ಉಳ್ಳಾಗಡ್ಡಿ ಬುಟ್ಟಿ.
ತಪ್ಪು ನಂದ.

ಭೌರವ್ವ, ನಮ್ಮತ್ತಿ,
ವಿಜಯಪುರದ ಪ್ಯಾಟ್ಯಾಗ ಇಪ್ಪತ್ತಾರು ವರ್ಷ
ಉಳ್ಳಾಗಡ್ಡಿ ಆರಿಸಿದಾಕಿ.
ಕೊಳತದ್ದು, ಮೊಳಕಿ ಒಡದದ್ದು, ಜೋಡಗಡ್ಡಿ,
ಬೆರಳಿಗೆ ಗೊತ್ತು, ಕಣ್ಣ ಬ್ಯಾಡ.
ಆದರ ಆ ಸಂಜಿ ಕರೆಂಟ್ ಹೋಗಿತ್ತು,
ಒಂದ ಕಣ್ಣಿನ ಪೊರಿ ತಗದಿತ್ತು, ಇನ್ನೊಂದರದು ಬಾಕಿ,
ಜುಣಕದ ಹಿಟ್ಟ ಕಲಸಿ ಆಗಿತ್ತು.
ಈಳಗಿ ಮ್ಯಾಲ ಗಡ್ಡಿ, ಎರಡ ಹೋಳ.

"ಏ ಹುಡಗಿ, ಬಾ ಇಲ್ಲೆ."
ಕಣ್ಣಾಗ ನೀರ ಬರಲಿಲ್ಲಂತ ಗೊತ್ತಾತೇನಬೇ, ಅಂದೆ.
"ಉಳ್ಳಾಗಡ್ಡಿಗೆ ನನ್ನ ಕಣ್ಣ ಅಳೂದ ಬಿಟ್ಟು
ಎಷ್ಟ ವರ್ಷಾತು.
ವಾಸನಿ ಇಲ್ಲ ಇದಕ್ಕ, ವಾಸನಿ."

ಮೊಬೈಲಿನ ಬೆಳಕ ಹಿಡದೆ.
ಬಿಳಿ ಪದರ, ಅದರೊಳಗ ಬಿಳಿ ಪದರ,
ನಟ್ಟನಡುವ ಜ್ವಾಳದ ಕಾಳಿನಷ್ಟ
ಹಸರ ತುದಿ.
ಡಿಸೆಂಬರಕ್ಕ ಬರಬೇಕಾದದ್ದು
ಅರ್ಧ ಆಕಡೆ, ಅರ್ಧ ಈಕಡೆ.
ಅತ್ತಿ ಈಳಗಿ ಮ್ಯಾಲಿನ ಕಾಲ ತಗದಳು.
ಆ ರಾತ್ರಿ ಜುಣಕಕ್ಕ ಉಳ್ಳಾಗಡ್ಡಿ ಬೀಳಲಿಲ್ಲ.

ಮುಂಜಾನೆ ನೋಡತೀನಿ, ಎರಡೂ ಹೋಳಿಗೆ
ನೀರೊಲಿ ಬೂದಿ ಸವರಿ
ಡಾಲ್ಡಾ ಡಬ್ಬ್ಯಾಗೊಂದು, ಬಣ್ಣದ ಬಕೀಟಿನ್ಯಾಗೊಂದು
ಊರಿಟ್ಟಾಳ.
"ಬುಡ ಅರ್ಧರ್ಧ ಹಂಚಿ ಬಂದೈತಿ. ನೋಡೂಣು."

ಸೋಲಾಪುರ ಗಾಡಿಯ ಸಿಳ್ಳ
ಥಂಡ್ಯಾಗ ಭಾಳ ಸಮೀಪ ಕೇಳೂ ದಿವಸ
ಸಿಸ್ಟರ್ ಕೇಕ ಹಿಡಕೊಂಡ ಬಂದರು,
ಕಿಡಕ್ಯಾಗಿನ ಬರೇ ಮಣ್ಣ ನೋಡಿದರು.
ಅತ್ತಿ ಎಲ್ಲಾ ಹೇಳಿದಳು, ಏನೂ ಮುಚ್ಚಲಿಲ್ಲ.
"ಆಯಿ, ಒಂದ ಕಣ್ಣೀಲೆ ಆಪರೇಶನ್ ಮಾಡೀರಿ,
ಹೊಲಗಿ ಹಾಕೂದ ಮರತ್ರಿ!"
ನಕ್ಕು ನಕ್ಕು ಚಾ ಚೆಲ್ಲಿಕೊಂಡರು.

ಬಕೀಟಿನದು ಕೊಳತ ಹೋತು.
ಯುಗಾದಿ ಹೊತ್ತಿಗೆ ಡಬ್ಬ್ಯಾಗ
ಪದರಿನ ಸಂದಿಲೆ ಹಸರ ನಾಲಗಿ,
ಒಂದಲ್ಲ, ಐದು.
ಅಷ್ಟರಾಗ ಅತ್ತಿಯ ಎರಡನೇ ಕಣ್ಣೂ ಆಗಿತ್ತು.
ಐದೂ ಆಕೀನ ಎಣಿಸಿದಳು.

ಮೂರ ವರ್ಷ.
ಗಣಪತಿ ಹೋದ ಮ್ಯಾಲ ನೀರ ಬಂದ,
ಎಲಿ ಒಣಗಿದ ಮ್ಯಾಲ ಕತ್ತಲಿ,
ಈಗ ಉಳ್ಳಾಗಡ್ಡಿಯಿಂದ ದೂರ, ಹಳೇ ಟ್ರಂಕಿನ್ಯಾಗ,
ಮುಚ್ಚಳದ ಮ್ಯಾಲ ಖಡುವಿಲೆ ಒಂದ ಇಂಟು ಮಾರ್ಕ:
ತಿನ್ನೂದಲ್ಲ.
ದೀಪಾವಳಿಗೆ ಎಬ್ಬಿಸಿ ಒಂದ ಲೋಟ ಉಗರಬೆಚ್ಚಗಿನ ನೀರ.
ದಿನಾ ಮುಂಜಾನೆ ಡಬ್ಬಿ ಕಾಲ ಸುತ್ತ ತಿರಗಿಸಿ,
"ಒಂದ ಕಡೆನ ನೋಡಿದರ
ಕುತಗಿ ಹಿಡಕೋತೈತಿ" ಅಂತಾಳ.

ಈ ಸಲ ಒಂದಕ್ಕ ದೇಟು ಬಂತು, ಒಂದಕ್ಕಷ್ಟ.
ಮೊಳದುದ್ದ, ತುದ್ಯಾಗ ಮುಚ್ಚಿದ ಮೊಗ್ಗಿ.
ಸಿಸ್ಟರಿಗೆ ಈಗ ಇಂಡಿಗೆ ವರ್ಗ.
ಇಪ್ಪತ್ತಮೂರನೇ ತಾರೀಖು ಬಸ್ಸ ಹತ್ತಿದಿವಿ,
ಅತ್ತಿ ತೊಡಿ ಮ್ಯಾಲ ಡಬ್ಬಿ,
ಥಂಡಿ ಗಾಳಿ ತಾಕಬಾರದಂತ ಮ್ಯಾಲ ಸೆರಗ.
"ಇದಕ್ಕ ಟಿಕೀಟು?" ಕಂಡಕ್ಟರ್ ನಿಂತ.
"ಹೆಣ್ಣೈತೋ ತಮ್ಮಾ. ಫ್ರೀ ಅಲ್ಲೇನ?"
"ಹಂಗಾರ ಆಧಾರ್ ಕಾರ್ಡ ತೋರಸಬೇ."

ಅತ್ತಿ ಸೆರಗ ಸರಿಸಿದಳು.
ಮೊಗ್ಗಿಯ ಹೊಲಗಿ ಒಂದ ಎಳಿ ಬಿಚ್ಚಿತ್ತು,
ಒಳಗ ಕೆಂಪ.
ಕಂಡಕ್ಟರ್ ಸುಮ್ಮನ ಮುಂದಿನ ಸೀಟಿಗೆ ಹೋದ.

ಬಸ್ಸು ಎಡಕ್ಕ ಹೊಳ್ಳಿತು.
ಅತ್ತಿ ಡಬ್ಬೀನ
ಬಲಕ್ಕ ತಿರಗಿಸಿದಳು.