ನೂರಕ್ಕೆ ಐದು

ಡಾಕ್ಟರಮ್ಮ ಚೀಟಿಯ ಹಿಂದೆ ಎದೆ ಬರೆದಳು,
ಮೂರು ಕಡೆ ಪೆನ್ನು ಒತ್ತಿದಳು, ಮಸಿ ಆಚೆ ಬದಿಗೆ ಇಳಿಯುವಷ್ಟು.
"ಸ್ಟೆಂಟ್ ಕೂರೋ ಜಾಗ ಅಲ್ಲ, ಹುಲಿಗೆಮ್ಮ.
ಕಾಲಿನಿಂದ ನಾಳ ತೆಗೆದು ಹೊಸ ದಾರಿ ಹೊಲೀಬೇಕು."

ಹೊಲೀಬೇಕು ಅಂದದ್ದೇ ಕುರ್ಚಿ ಮುಂದಕ್ಕೆಳೆದೆ.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಹತ್ತೊಂಬತ್ತು ವರ್ಷದ ಚೆಕ್ಕರು ನಾನು.
"ಯಾವ ದಾರ?"
ನಕ್ಕಳು. ಕೂದಲಿಗಿಂತ ಸಣ್ಣದಂತೆ, ನೀಲಿಯಂತೆ.
ನೀಲಿ ನನ್ನ ಉಗುರಸಂದಿಯಲ್ಲೇ ಐತಲ್ಲ.

"ನೂರು ಜನಕ್ಕೆ ಮಾಡಿದ್ರೆ ಇಬ್ಬರು ಉಳಿಯೋದಿಲ್ಲ.
ನಿಮಗೆ ಸಕ್ಕರೆ, ಕಿಡ್ನಿಯೂ ಸೋತೈತೆ, ಐದು ಅಂತ ಇಟ್ಕೊಳ್ಳಿ."
"ಮಾಡಿಸದಿದ್ರೆ?" ಅಂದಳು ಸೊಸೆ ದುರುಗಮ್ಮ.
ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು.
"ಮಾತ್ರೆ ಮೇಲೂ ದಿನ ಹೋಗ್ತವೆ. ಎಷ್ಟು ಅಂತ ಹೇಳಲಾರೆ.
ಆ ಲೆಕ್ಕ ಇದಕ್ಕಿಂತ ಕೆಟ್ಟದ್ದು."

ನೂರಕ್ಕೆ ಐದು ನಾನು ಬಲ್ಲ ಲೆಕ್ಕ.
ಮರುದಿನ ಟೇಬಲ್ಲಿನ ಮೇಲೆ ನೂರು ಪ್ಯಾಂಟು ಎಣಿಸಿ ಹಾಕಿಕೊಂಡೆ,
ಒಳಗೆ ಕೈ ತೂರಿಸಿ ತಿರುವಿದೆ, ಹೊಲಿಗೆ ಎಳೆದೆಳೆದು ನೋಡಿದೆ,
ನಡುನಡುವೆ ಎದೆ ಹಿಡಿದುಕೊಂಡು ಕೂತೆ.
ಸಂಜೆಗೆ ಏಳು ಬಂದವು.
ಮತ್ತೆ ಎಣಿಸಿದೆ. ಏಳೇ.

ಒಂದೇ ಥಾನು, ಒಂದೇ ಮಿಷನ್ನು, ಅದೇ ಖಾಜಾಹುಸೇನನ ಕೈ.
ಕೆಡುವುದು ಯಾವುದೆಂದು ಹೊಲಿಯುವಾಗ ಅವನಿಗೂ ತಿಳಿಯದು,
ವಾಷಿಂಗಿನಲ್ಲಿ ಕಲ್ಲುಗಳ ಜೊತೆ ಹೊರಳಿ ಬಂದ ಮೇಲೇ
ಬಾಯಿ ಬಿಡುವುದು.
ಹಳೇ ಬಟ್ಟೆಗೆ ಗಟ್ಟಿ ದಾರ ಹಾಕಿದರೆ
ದಾರ ಗೆಲ್ಲುತ್ತದೆ, ಬಟ್ಟೆ ಹರಿಯುತ್ತದೆ.
ಅದನ್ನು ಕೇಳಬೇಕಿತ್ತು, ಮರೆತೆ.

ರಿಜೆಕ್ಟನ್ನು ನಾವು ಎಸೆಯುವುದಿಲ್ಲ.
ಮೋತಿ ಸರ್ಕಲ್ಲಿನ ಫುಟ್‌ಪಾತಿಗೆ ಅರ್ಧ ರೇಟಿಗೆ ಹೋಗುತ್ತವೆ.
ಸೊಟ್ಟ ಜೇಬಿನದೊಂದನ್ನು ನನ್ನ ಮೊಮ್ಮಗ
ಎರಡು ವರ್ಷದಿಂದ ತೊಡುತ್ತಾನೆ, ಏನೂ ಆಗಿಲ್ಲ.
ಆ ಐದು ಜನರನ್ನು ಮಾತ್ರ ಯಾವ ಫುಟ್‌ಪಾತಿಗೆ ಕಳಿಸುವುದು?
ನನ್ನ ಲೆಕ್ಕ ಇಲ್ಲಿಗೆ ಬಂದು ನಿಂತಿತು.

ರಾತ್ರಿ ದುರುಗಮ್ಮ ಒಪ್ಪಿಗೆ ಕಾಗದ ಓದಿದಳು, ಬೆರಳಿಟ್ಟು, ನಿಧಾನ.
"ಅಪಾಯಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಲಾಗಿದೆ."
ಅಲ್ಲೇ ನಿಲ್ಲು ಅಂದೆ.
"ಅರ್ಥ ಆಯ್ತೇನತ್ತೆ?"
ಸೀರೆ ಮೊಣಕಾಲಿಗೆ ಸರಿಸಿಕೊಂಡು ನೋಡುತ್ತಿದ್ದೆ:
ಹತ್ತೊಂಬತ್ತು ವರ್ಷ ಟೇಬಲ್ಲಿನ ಮುಂದೆ ನಿಂತ ಕಾಲು,
ಎಡಗಾಲಿನ ತುಂಬ ಗಂಟುಗಂಟು ನರ,
ಬಲಗಾಲು ಪರವಾಗಿಲ್ಲ.

"ನಾಳೆ ಫೋನು ಹಚ್ಚು" ಅಂದೆ.
"ಈ ಕಾಲಿನ ನಾಳ ನಡೀತೈತಾ ಕೇಳು.
ಕತ್ತರಿ ಹಾಕೋಕೆ ಮುಂಚೆ
ಬಟ್ಟೆ ಒಂದ್ಸಲ ಬೆಳಕಿಗೆ ಹಿಡಿದು ನೋಡ್ತಾರಾ, ಕೇಳು."